ಬಿಸಿಲುಣ್ಣುವ ವಾಚು

ನನ್ನ ಎಡಗೈ ಬಲಗೈಗಿಂತ ಕಪ್ಪಗಿದೆ. ಏನೋ ಸ್ವಲ್ಪ ಎನ್ನುವಂತಿಲ್ಲ. ಎರಡು ಕೈಗಳನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟರೆ ಒಂದನ್ನು ಯಾರಿಂದಲೋ ಎರವಲು ತಂದಂತೆ ಕಾಣುತ್ತದೆ. ಮೊಳಕೈಯಿಂದ ಶುರುವಾಗುವ ಈ ಕಪ್ಪು ಮಣಿಕಟ್ಟಿನ ಹತ್ತಿರ ಮಾಸುತ್ತಿರುವ ಒಂದು ಬಿಳಿಯ ಪಟ್ಟೆಗೆ ಜಾಗ ಬಿಟ್ಟು, ಮತ್ತೆ ಬೆರಳಿನ ತುದಿಯವರೆಗೆ ಮುಂದುವರಿಯುತ್ತದೆ. ಆರ್.ಟಿ. ನಗರದ ನಮ್ಮ ಡಾಕ್ಟರು ಮೊದಲ ಸಲ ಇದನ್ನು ನೋಡಿದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ತುರಿಕೆ ಇದೆಯೇನ್ರೀ?" ಎಂದು ಕೇಳಿದರು. "ತುರಿಕೆ ಇಲ್ಲ ಡಾಕ್ಟ್ರೇ, ಹೆಮ್ಮೆ ಇದೆ" ಎಂದೆ. ಅವರು ಮುಲಾಮು ಬರೆದುಕೊಟ್ಟರು.

ಈ ಕಪ್ಪಿಗೆ ಕಾರಣ ಒಂದು ಕೈಗಡಿಯಾರ. ಬೆಳಗಾಗೆದ್ದು ಕೀ ಕೊಡಬೇಕಾಗಿಲ್ಲದ, ಆಗಾಗ ಸೆಲ್ ಬದಲಾಯಿಸಬೇಕಾಗಿಲ್ಲದ, ಬರೀ ಬೆಳಕು ಕುಡಿದುಕೊಂಡು ಬದುಕುವ ಸೋಲಾರ್ ವಾಚು. ಈಗ ಇಂಥದ್ದು ಅಲ್ಲೊಂದು ಇಲ್ಲೊಂದು ಕಾಣಿಸುತ್ತದೆ. ಎಂಟು ಹತ್ತು ವರ್ಷದ ಹಿಂದೆ ಹೆಬ್ಬಾಳದಿಂದ ಯಶವಂತಪುರದವರೆಗೆ ಹುಡುಕಿದರೂ ನನ್ನದೊಂದೇ ಇತ್ತು ಎಂದು ನಾನು ನಂಬಿದ್ದೇನೆ. ಹುಡುಕಿ ನೋಡಿಲ್ಲ. ಹುಡುಕಿದರೆ ಇನ್ನೊಂದು ಸಿಕ್ಕೀತು ಎಂಬ ಭಯ.

ವಾಚಿನ ವಿಷಯದಲ್ಲಿ ನನಗೆ ಇಷ್ಟು ಜಂಬ ಏಕೆಂದು ನೀವು ಕೇಳಬಹುದು. ನಮ್ಮದು ಹೊತ್ತು ನೋಡುವ ವಂಶ. ಗದಗಿನ ಕಡೆ ನಮ್ಮ ಅಜ್ಜ ಮದುವೆಮನೆಗಳಲ್ಲಿ ಗಳಿಗೆ ಬಟ್ಟಲು ಕಾಯುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು; ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡುವುದು. ಎಷ್ಟು ಸಲ ಮುಳುಗಿತೆಂದು ಲೆಕ್ಕವಿಟ್ಟು ಅಜ್ಜ ಕೈ ಎತ್ತಿದರೆ ವಾಲಗದವರು ಗಟ್ಟಿಮೇಳ ಊದಬೇಕು. ಅಜ್ಜ ಕೈ ಎತ್ತುವ ತನಕ ಮಾಮಲೇದಾರರ ಮಗಳಾದರೂ ಕುಮಾರಿಯೇ. ಊಟದ ವಾಸನೆ ಬಂದರೂ ಅಜ್ಜ ಬಟ್ಟಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲವಂತೆ. ಇನ್ನು ನಮ್ಮ ತಂದೆಯವರು ದಿನಕ್ಕೆ ಮೂರು ಹೊತ್ತು ಸೂರ್ಯನಿಗೆ ಅರ್ಘ್ಯ ಕೊಟ್ಟವರು. ತಲೆಮಾರುಗಳಿಂದ ನಾವು ಸೂರ್ಯನಿಗೆ ಕೊಟ್ಟದ್ದೇ ಕೊಟ್ಟದ್ದು. ಅವನಿಂದ ತಿರುಗಿ ಏನಾದರೂ ವಸೂಲು ಮಾಡಿದವನೆಂದರೆ ನಾನೇ ಮೊದಲಿಗ.

ನಾನು ಬೆಂಗಳೂರಿಗೆ ಬಂದು ಸೇರಿದ್ದೂ ಹೊತ್ತು ನೋಡುವ ಕೆಲಸಕ್ಕೇ. ಯಶವಂತಪುರದಲ್ಲಿ ನಟ್ಟು ಬೋಲ್ಟು ಮಾಡುವ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ತಡವಾಗಿ ಬಂದು ಬಸ್ಸಿನ ಮೇಲೆ ತಪ್ಪು ಹೊರಿಸಿದರು ಎಂದು ಬರೆದಿಡುವುದು ನನ್ನ ಕೆಲಸ. ಆದರೆ ನಿಜವಾದ ಅಧಿಕಾರ ಇದ್ದದ್ದು ಸೈರನ್ನಿನಲ್ಲಿ. ಗೇಟಿನ ಪಕ್ಕದ ಗೋಪುರದಲ್ಲಿ ಹಿಡಿ ತಿರುಗಿಸಿ ಕೂಗಿಸುವ ಹಳೆಯ ಸೈರನ್ ಒಂದಿತ್ತು. ತಿರುಗಿಸುವವನು ಬಾಗಲೂರಿನ ಕಡೆಯ ವಾಚ್‌ಮನ್ ಮುನಿಯಪ್ಪ. ಯಾವಾಗ ತಿರುಗಿಸಬೇಕೆಂದು ಹೇಳುವವನು ನಾನು. ನಾನು ಕಿಟಕಿಯಲ್ಲಿ ನಿಂತು ವಾಚು ನೋಡುತ್ತಾ ಕೈ ಎತ್ತಬೇಕು, ಅವನು ಹಿಡಿ ತಿರುಗಿಸಬೇಕು. ಅಜ್ಜ ಮತ್ತು ವಾಲಗದವರ ಹಾಗೆಯೇ. ಮತ್ತೀಕೆರೆಯ ಮನೆಗಳಲ್ಲಿ ನಮ್ಮ ಮಧ್ಯಾಹ್ನದ ಸೈರನ್ ಕೇಳಿ ಅನ್ನ ಬಸಿಯುತ್ತಿದ್ದರು ಎಂದು ಕೇಳಿದ್ದೇನೆ. ಅಷ್ಟು ಜನರ ಅನ್ನ ನನ್ನ ಕೈಯಲ್ಲಿತ್ತು.

ಈ ವಾಚು ನನಗೆ ಕೊಟ್ಟವರು ನೆರೆಮನೆಯ ಖಾದರ್ ಸಾಹೇಬರು. ಯಶವಂತಪುರ ಮಾರ್ಕೆಟ್ಟಿನ ಬಾಯಲ್ಲಿ ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ಭೂತಗನ್ನಡಿ ಇಟ್ಟುಕೊಂಡು ವಾಚು ರಿಪೇರಿ ಮಾಡುತ್ತಿದ್ದರು. ಅವರ ತಮ್ಮ ಶಾರ್ಜಾದಿಂದ ತಂದ ಈ ವಾಚನ್ನು ಕಂಡು ಅವರಿಗೇ ಬೇಸರವಾಗಿತ್ತು. "ಇದರಲ್ಲಿ ನನ್ಗೆ ಕೆಲ್ಸಾನೇ ಇಲ್ಲ ಗುಡಗೇರಿ ಸಾಬ್" ಎಂದು ನನ್ನ ಕೈಗೆ ಕಟ್ಟಿದರು. "ಒಂದ್ ಮಾತ್ ಯಾದ್ ಇಟ್ಕೊಳ್ಳಿ. ಇದ್ಕೆ ರೋಶ್ನಿ ಬೇಕು, ಗರ್ಮಿ ಬೇಡ. ಹಸಿವಾದ್ರೆ ಸೆಕೆಂಡ್ ಮುಳ್ಳು ಎರಡೆರಡು ಹೆಜ್ಜೆ ಒಟ್ಟಿಗೆ ಹಾಕ್ತದೆ. ಆಗ ಭಾರಿ ಹುಷಾರು."

ರೋಶ್ನಿಗೂ ಗರ್ಮಿಗೂ, ಅಂದರೆ ಬೆಳಕಿಗೂ ಬಿಸಿಗೂ, ಇರುವ ವ್ಯತ್ಯಾಸ ನನಗೆ ಮೊದಲ ಭಾನುವಾರವೇ ತಿಳಿಯಿತು. ಹೆಂಡತಿ ಇಂದುಮತಿ ತಾರಸಿಯ ಮೇಲೆ ಸಂಡಿಗೆ ಹರವಿ, ಕಾಗೆ ಕಾಯಲು ನನ್ನನ್ನು ಕೂರಿಸಿದ್ದಳು. ಕೂತಲ್ಲೇ ವಾಚಿಗೂ ಊಟವಾಗಲಿ ಎಂದು ನೀರಿನ ತೊಟ್ಟಿಗೆ ಮುಚ್ಚಿದ್ದ ತಗಡಿನ ಮೇಲೆ ಅದನ್ನು ಮಲಗಿಸಿದೆ. ಒಂದು ಗಂಟೆಯ ಮೇಲೆ ಎತ್ತಿಕೊಂಡರೆ ಹಂಚಿನ ಮೇಲಿಂದ ರೊಟ್ಟಿ ತೆಗೆದ ಹಾಗೆ ಬೆರಳು ಚುರ್ರೆಂದಿತು. ವಾಚು ನಿಂತಿರಲಿಲ್ಲ, ನನ್ನ ಉಸಿರು ನಿಂತಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿಗೆ ಒಯ್ಯುವ ಗಡಿಬಿಡಿಯಲ್ಲಿ ಕಾಗೆಗಳು ಒಂದು ಸಾಲು ಸಂಡಿಗೆ ಮುಗಿಸಿದವು.

"ಅದೇನ್ ವಾಚೋ, ತೊಟ್ಟಿಲ ಕೂಸೋ?" ಎಂದಳು ಇಂದುಮತಿ. "ನಾ ಜ್ವರಾ ಬಂದು ಮಲಗಿದಾಗ ಒದ್ದಿ ಬಟ್ಟಿ ಹಾಕಿದವರಲ್ಲ ನೀವು."

ಅಂದಿನಿಂದ ನಾನು ವಾಚಿಗೆ ಊಟ ಹಾಕುವ ಶಾಸ್ತ್ರವನ್ನೇ ಕಲಿತೆ. ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಗಾಜಿನ ಮೇಲೆ ಧೂಳು ಕೂರಬಾರದು. ಬೆಳಗಿನ ಎಳೆ ಬಿಸಿಲು ಉತ್ತಮ, ಮಧ್ಯಾಹ್ನದ್ದಾದರೆ ಕೈಯಲ್ಲಿ ಕಟ್ಟಿಕೊಂಡೇ ಇರಬೇಕು, ಕೈ ಸುಟ್ಟರೆ ನಮಗೆ ತಿಳಿಯುತ್ತದಲ್ಲ. ಎಲ್ಲಕ್ಕಿಂತ ಮುಖ್ಯ ಅಂಗಿಯ ತೋಳು. ನಮ್ಮ ಕಡೆಯವರು ಪೂರ್ತಿ ತೋಳಿನ ಅಂಗಿ ತೊಟ್ಟು ಮಣಿಕಟ್ಟಿನ ಗುಂಡಿ ಹಾಕದಿದ್ದರೆ ಮನೆಬಿಟ್ಟು ಹೊರಡುವವರಲ್ಲ. ನಾನು ಎಡತೋಳನ್ನು ಮಾತ್ರ ಮೊಳಕೈವರೆಗೆ ಮಡಚಿದೆ. ಬಲತೋಳಿನ ಗುಂಡಿ ಹಾಗೇ ಇತ್ತು, ಮರ್ಯಾದೆಗೆ. ಆ ವರ್ಷಗಳ ಮದುವೆ ಫೋಟೋಗಳಲ್ಲೆಲ್ಲ ನಾನು ಅರ್ಧ ಮನಸ್ಸಿನಿಂದ ಜಗಳಕ್ಕೆ ನಿಂತವನ ಹಾಗೆ ಕಾಣುತ್ತೇನೆ.

ಬಸ್ಸಿನಲ್ಲಿಯೂ ಕಷ್ಟ. ಬೆಳಗ್ಗೆ ಮೇಖ್ರಿ ಸರ್ಕಲ್ ದಾಟಿ ಯಶವಂತಪುರಕ್ಕೆ ಹೋಗುವಾಗ ಬಿಸಿಲು ಬೀಳುವ ಕಡೆಯ ಸೀಟುಗಳಲ್ಲಿ ಹೆಚ್ಚಿನವು ಹೆಂಗಸರವು. ಅಲ್ಲಿ ಕೂತು ಎರಡು ಸಲ ಕಂಡಕ್ಟರನಿಂದ ಎಬ್ಬಿಸಿಕೊಂಡೆ. ಆಮೇಲೆ ಹಿಂಬಾಗಿಲಲ್ಲಿ ನಿಂತು ಎಡಗೈ ಹೊರಗೆ ಚಾಚಿಕೊಂಡು ಹೋಗತೊಡಗಿದೆ. ಬಸ್ಸು ಎಡಕ್ಕೆ ತಿರುಗುತ್ತದೆಂದು ಹಿಂದಿನ ಸ್ಕೂಟರಿನವರು ಮೋಸಹೋದದ್ದುಂಟು. ಮಧ್ಯಾಹ್ನ ಕಾರ್ಖಾನೆಯ ಜನವೆಲ್ಲ ಹೊಂಗೆಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ನಾನೊಬ್ಬ ಅಂಗಳದ ನಡುವೆ ಕಲ್ಲಿನ ಮೇಲೆ.

"ಯಾಕ್ ಸಾಮಿ ಬಿಸ್ಲಲ್ಲಿ ಇಂಗ್ ಕುಂತಿದ್ದೀರಾ? ಅಲ್ಲಿ ನೆಳ್ಳೈತಲ್ಲ" ಎಂದ ಮುನಿಯಪ್ಪ.

ನಾನು ವಿವರಿಸಿದೆ. ಅವನು ಬಹಳ ಹೊತ್ತು ವಾಚನ್ನು ನೋಡಿದ. "ಅದ್ಕೂ ಒಟ್ಟೆ ಅಸೀತೈತಾ?" ಎಂದು ಕೇಳಿ, ಆಮೇಲೆ ನನ್ನ ಪಕ್ಕದಲ್ಲಿಯೇ ಬಿಸಿಲಿನಲ್ಲಿ ಮುದ್ದೆಯ ಡಬ್ಬಿ ಬಿಚ್ಚಿ ಕೂತ. ಅಂದಿನಿಂದ ನಾವು ಮೂವರೂ ಒಟ್ಟಿಗೆ ಊಟ ಮಾಡಿದೆವು. ವಾಚು ಪ್ರತಿದಿನ ರೇಡಿಯೊದ ಪಿಪ್ ಸದ್ದಿಗೆ ಸರಿಯಾಗಿ ನಡೆಯುತ್ತಿತ್ತು. ನಾನು ಕೈ ಎತ್ತುತ್ತಿದ್ದೆ, ಮುನಿಯಪ್ಪ ಕೂಗಿಸುತ್ತಿದ್ದ. ಹೀಗೆಯೇ ನಡೆದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಇರಲಿಲ್ಲ.

ಒಂದು ನವೆಂಬರಿನಲ್ಲಿ ನಮ್ಮ ವರ್ಕ್ಸ್ ಮ್ಯಾನೇಜರ್ ರಾಜಗೋಪಾಲ್ ಅವರ ಕೋಣೆಗೆ ಟೈ ಕಟ್ಟಿದ ಏಜೆಂಟನೊಬ್ಬ ಬಂದ. ಕರೆಂಟಿನಿಂದ ನಡೆಯುವ ಗಡಿಯಾರ. ಹೊತ್ತಿಗೆ ಸರಿಯಾಗಿ ತಾನೇ ಸೈರನ್ ಕೂಗಿಸುತ್ತದೆ. ಮನುಷ್ಯರ ಗೊಡವೆಯೇ ಇಲ್ಲ ಎಂದ. ಮ್ಯಾನೇಜರು ನನ್ನನ್ನು ಕರೆಸಿದರು. "ಗುಡಗೇರಿ, ಡಿಸೆಂಬರ್ ಪೂರ್ತಿ ಎರಡೂ ನಡೀಲಿ. ಸೈರನ್ ನೀವೇ ಹೊಡೆಸಿ. ತಿಂಗಳ ಕೊನೇ ಶನಿವಾರ ರೇಡಿಯೊ ಇಟ್ಕೊಂಡು ನೋಡೋಣ. ಯಾವುದು ಸರಿ ಇರುತ್ತೋ ಸೈರನ್ ಅದರದ್ದು. ಮಧ್ಯೆ ನೀವು ವಾಚಿನ ಮುಳ್ಳು ಮುಟ್ಟೋ ಹಾಗಿಲ್ಲ, ಅವರೂ ಅದನ್ನ ಮುಟ್ಟೋ ಹಾಗಿಲ್ಲ."

ಹೊರಗೆ ಬಂದರೆ ಮುನಿಯಪ್ಪ ಕಾದು ನಿಂತಿದ್ದ. ಅವನನ್ನು ಹಿಂದಿನ ಗೋಡೌನಿನ ಕಾವಲಿಗೆ ಹಾಕುತ್ತಾರೆಂದು ಆಗಲೇ ಸುದ್ದಿ ಹಬ್ಬಿತ್ತು. "ಇಪ್ಪತ್ ವರ್ಸ ಕೂಗ್ಸಿದೀನಿ ಸಾಮಿ" ಎಂದ ಅಷ್ಟೇ. ನಾನು ಎಡಗೈ ಎತ್ತಿ ತೋರಿಸಿ, "ಇದು ಇರೋತನಕ ನಿನ್ನ ಹಿಡಿ ಎಲ್ಲಿಗೂ ಹೋಗೂದಿಲ್ಲ ಬಿಡು" ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಯಾಕೆಂದರೆ ಡಿಸೆಂಬರಿನ ಬೆಂಗಳೂರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಡಿಸೆಂಬರು ಬಂದರೆ ಯಲಹಂಕದ ಕಡೆಯಿಂದ ಇಳಿಯುವ ಮಂಜಿಗೆ ಹೆಬ್ಬಾಳದ ಕೆರೆ ಕಾಣುವುದಿಲ್ಲ, ಊರಿನ ಜನವೂ ಉಣ್ಣೆಯೊಳಗೆ ಮಾಯವಾಗುತ್ತಾರೆ. ಅದೇ ವರ್ಷ ಇಂದುಮತಿ ನನಗಾಗಿ ಒಂದು ಸ್ವೆಟರ್ ಹೆಣೆದಿದ್ದಳು. ಎಳೆ ಬಾಳೆಯೆಲೆಯ ಹಸಿರು. ದಸರೆಗೆ ಶುರುಮಾಡಿ ಎರಡು ತಿಂಗಳು ಕಡ್ಡಿ ಕೆಳಗಿಟ್ಟವಳಲ್ಲ. ತೋಳಿನ ತುದಿಯನ್ನು ಬಿಗಿಯಾಗಿ, ಬೆರಳಿನ ಬುಡದವರೆಗೆ ಬರುವ ಹಾಗೆ ಹೆಣೆದಿದ್ದಳು. "ನಿಮಗ ಕೈ ಥಂಡಿ ಹತ್ತತಾವ" ಎಂದು. ಆ ಬಿಗಿಯನ್ನು ಮೇಲೆ ಸರಿಸಿದರೆ ಎರಡು ನಿಮಿಷಕ್ಕೆ ಮತ್ತೆ ಕೆಳಗೆ. ವಾಚನ್ನೇ ಸ್ವೆಟರಿನ ಮೇಲೆ ಕಟ್ಟೋಣವೆಂದರೆ ಅಷ್ಟು ದಪ್ಪದ ಮೇಲೆ ಪಟ್ಟಿಯ ಕೊನೆಯ ತೂತೂ ಮುಟ್ಟಲಿಲ್ಲ. ಮೊದಲ ವಾರ ತೊಟ್ಟುಕೊಂಡೇ ಹೋದೆ. ಬೆಚ್ಚಗೆ, ಹಾಯಾಗಿ, ವಾಚನ್ನು ಉಪವಾಸ ಕೆಡವಿಕೊಂಡು.

ಎಂಟನೆಯ ದಿನ ಊಟದ ಸೈರನ್ನಿಗೆ ಕೈ ಎತ್ತಲು ಹೋದವನು ಹಾಗೇ ನಿಂತೆ. ಸೆಕೆಂಡಿನ ಮುಳ್ಳು ಎರಡೆರಡು ಹೆಜ್ಜೆ ಹಾರುತ್ತಿತ್ತು. ಒಂದು ಹಾರಿಕೆ, ಒಂದು ಸುಸ್ತು. ಮತ್ತೊಂದು ಹಾರಿಕೆ. ಮುನಿಯಪ್ಪ ಗೋಪುರದಿಂದ ನನ್ನನ್ನೇ ನೋಡುತ್ತಿದ್ದ. ಕೈ ಎತ್ತಿದೆ, ಅವನು ಕೂಗಿಸಿದ.

ಮಾರನೆಯ ದಿನದಿಂದ ನಾನು ಒಂದು ಕಳ್ಳತನ ಶುರುಮಾಡಿದೆ. ಮನೆಯಿಂದ ಸ್ವೆಟರ್ ತೊಟ್ಟು ಹೊರಡುವುದು, ಬಸ್‌ಸ್ಟಾಪಿನಲ್ಲಿ ಬಿಚ್ಚಿ ಚೀಲಕ್ಕೆ ತುರುಕುವುದು, ಸಂಜೆ ಬೀದಿಯ ತಿರುವಿನಲ್ಲಿ ಮತ್ತೆ ತೊಟ್ಟುಕೊಳ್ಳುವುದು. ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೆಂಡತಿ ಎರಡು ತಿಂಗಳು ಹೆಣೆದದ್ದು ವಾಚಿಗೆ ಅಡ್ಡ ಬರುತ್ತದೆಂದು ಯಾವ ಬಾಯಿಂದ ಹೇಳುವುದು? ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೂ ಎಡಗೈಯನ್ನು ಬಸ್ಸಿನ ಹೊರಗೆ ಚಾಚಿ ನಿಂತೆ. ಮುಳ್ಳು ಮತ್ತೆ ಒಂದೊಂದೇ ಹೆಜ್ಜೆ ಇಡತೊಡಗಿತು. ನನಗೆ ನೆಗಡಿ ಶುರುವಾಯಿತು.

ಕಳ್ಳನನ್ನು ಹಿಡಿದುಕೊಟ್ಟವರು ಖಾದರ್ ಸಾಹೇಬರು, ಅದೂ ಪ್ರೀತಿಯಿಂದ. ಒಂದು ಬೆಳಗ್ಗೆ ಕಾಂಪೌಂಡಿನ ಆಚೆಯಿಂದ, "ಭಾಭಿ, ಸಾಬ್‌ಗೆ ಒಂದ್ ಸ್ವೆಟರ್ ಕೊಡ್ಸಿ. ಪಾಪ, ಬಸ್‌ಸ್ಟಾಪ್‌ನಲ್ಲಿ ಬರೀ ಶರ್ಟ್‌ನಲ್ಲಿ ನಡುಗ್ತಾ ನಿಂತಿರ್ತಾರೆ" ಎಂದರು.

ಸಂಜೆ ನಾನು ಹಸಿರು ಸ್ವೆಟರ್ ತೊಟ್ಟು ಸೀನುತ್ತ ಒಳಗೆ ಬಂದಾಗ ಇಂದುಮತಿ ತಿರುಗಿ ನೋಡಲಿಲ್ಲ. ತಾಟು ಬಡಿಸಿ ಇಟ್ಟಳು. "ಬಣ್ಣ ಸೇರಲಿಲ್ಲಂದ್ರ ಹೇಳಬೇಕಿತ್ತು" ಎಂದಳು. "ಆಫೀಸಿನ ಮಂದಿ ಮುಂದ ಹಾಕ್ಕೊಳ್ಳಾಕ ನಾಚಿಕಿ ಆಗೂಹಂಗ ಹೆಣದೀನೇನು?"

ನನಗೆ ಅಂಥ ಅಪಮಾನ ಅದಕ್ಕೂ ಮುಂಚೆ ಆಗಿರಲಿಲ್ಲ, ನನ್ನಿಂದಲೇ ನನಗೆ ಆದದ್ದು. ತಾಟು ಸರಿಸಿ ಎಲ್ಲವನ್ನೂ ಹೇಳಿದೆ. ಪಂದ್ಯ, ಮುನಿಯಪ್ಪನ ಗೋಡೌನು, ಎರಡೆರಡು ಹೆಜ್ಜೆ, ಬಸ್‌ಸ್ಟಾಪು. ಅವಳು ಪೂರ್ತಿ ಕೇಳಿದಳು. ಬೈಯಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು. ನನ್ನ ಎಡಗೈಯನ್ನು ಎಳೆದುಕೊಂಡು, ದರ್ಜಿಯ ಹಾಗೆ ವಾಚನ್ನು ಬೆರಳಿನಿಂದ ಅಳೆದು, "ಸ್ವೆಟರ್ ಬಿಚ್ಚಿ ಕೊಡ್ರಿ" ಎಂದಳು. ಎರಡು ದಿನ ಅದನ್ನು ನನಗೆ ಕೊಡಲೂ ಇಲ್ಲ, ನನ್ನೊಂದಿಗೆ ಮಾತೂ ಆಡಲಿಲ್ಲ. ಇನ್ನು ಅದನ್ನು ಬಿಚ್ಚಿ ಅವಳ ತಮ್ಮನಿಗೆ ಹೆಣೆಯುತ್ತಾಳೆ ಎಂದುಕೊಂಡೆ.

ಮೂರನೆಯ ದಿನ ಬೆಳಗ್ಗೆ ಸ್ವೆಟರ್ ಗೂಟದಲ್ಲಿ ತೂಗುತ್ತಿತ್ತು. ಎಡತೋಳಿನ ಮಣಿಕಟ್ಟಿನ ಹತ್ತಿರ ಒಂದು ಕಿಟಕಿ. ಕತ್ತರಿಯಿಂದ ಕತ್ತರಿಸಿದ್ದಲ್ಲ. ತೋಳನ್ನು ಅಷ್ಟುದ್ದ ಬಿಚ್ಚಿ, ವಾಚಿನ ಅಳತೆಗೆ ಸರಿಯಾಗಿ ಗುಂಡಗೆ ಜಾಗ ಬಿಟ್ಟು ಮತ್ತೆ ಹೆಣೆದು, ಸುತ್ತಲೂ ಹಳದಿ ಉಣ್ಣೆಯ ಅಂಚು ಕಟ್ಟಿದ್ದಳು. ಬಾಗಿಲಿಗೆ ಚೌಕಟ್ಟು ಕಟ್ಟುವ ಹಾಗೆ.

"ಹಾಕ್ಕೊಳ್ರಿ. ನಿಮ್ಮ ದೇವರಿಗೂ ಬೆಳಕ ಬೀಳ್ತದ, ನಿಮಗೂ ಥಂಡಿ ಹತ್ತೂದಿಲ್ಲ" ಎಂದಳು.

ತೊಟ್ಟುಕೊಂಡೆ. ವಾಚು ಹಳದಿ ಅಂಚಿನ ನಡುವೆ ಸರಿಯಾಗಿ ಬಂದು ಕೂತಿತು, ಅತ್ತಿತ್ತ ಒಂದು ನೂಲಿನಷ್ಟೂ ತಪ್ಪದೆ. ಗಳಿಗೆ ಬಟ್ಟಲಿನ ತೂತನ್ನು ಇಷ್ಟೇ ಗಾತ್ರಕ್ಕೆ ಇರಬೇಕೆಂದು ಕೊರೆದವನು ಯಾರೋ ನನಗೆ ಗೊತ್ತಿಲ್ಲ. ಅವನೂ ನನ್ನ ಹೆಂಡತಿಯಂಥ ಮನುಷ್ಯನೇ ಇದ್ದಿರಬೇಕು.

ಅದೇ ದಿನ ಮದರಾಸಿನ ಕಡಲಿನಲ್ಲಿ ಚಂಡಮಾರುತ ಎದ್ದಿತು. ಅಲ್ಲಿ ಗಾಳಿ ಎದ್ದರೆ ಬೆಂಗಳೂರು ಮುಖ ಊದಿಸಿಕೊಂಡು ಕೂರುತ್ತದೆ. ಮಳೆ ಎಂದರೆ ಮಳೆಯಲ್ಲ, ಬಿಸಿಲಂತೂ ಇಲ್ಲವೇ ಇಲ್ಲ. ಎಂಟು ದಿನ ಸೂರ್ಯ ರಜೆ ಹಾಕಿದ. ನಾನು ಖಾದರ್ ಸಾಹೇಬರ ಅಂಗಡಿಗೆ ಓಡಿದೆ. "ಮೋಡದ್ದೂ ರೋಶ್ನೀನೇ ಸಾಬ್. ಕಮ್ಮಿ ಬರ್ತದೆ, ಜಾಸ್ತಿ ಹೊತ್ತು ಹಿಡೀಬೇಕು ಅಷ್ಟೇ" ಎಂದರು. ಹಾಗಾಗಿ ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ಕಿಟಕಿ ಆಕಾಶಕ್ಕೆ ತೆರೆದೇ ಇತ್ತು. ದಾರಿಯಲ್ಲಿ ಸಂಜೆ ಅವರ ಮೇಜಿನ ದೀಪದ ಕೆಳಗೆ ಅರ್ಧ ಗಂಟೆ, ಬಲ್ಬಿನಿಂದ ಒಂದು ಗೇಣು ದೂರ. ಕಾರ್ಖಾನೆಯ ಜನ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದು ಕಿಟಕಿಯೊಳಗೆ ಬೆರಳಿಟ್ಟು ನೋಡಿದರು. ಕೆಲವರು ಮುಟ್ಟಿ ನೋಡಲಿಕ್ಕೆಂದೇ ಹೊತ್ತು ಕೇಳುತ್ತಿದ್ದರು.

ಕೊನೆಯ ಶನಿವಾರ ಬಂತು. ಮ್ಯಾನೇಜರ ಕೋಣೆಯಲ್ಲಿ ಟ್ರಾನ್ಸಿಸ್ಟರ್, ಗೋಡೆಯ ಮೇಲೆ ಕರೆಂಟಿನ ಗಡಿಯಾರ, ಟೈ ಕಟ್ಟಿದ ಏಜೆಂಟು, ನಾನು. ಬಾಗಿಲಲ್ಲಿ ಮುನಿಯಪ್ಪ. ಗಡಿಯಾರದ ಸ್ಥಿತಿ ನೋಡಿಯೇ ಎಲ್ಲರಿಗೂ ತಿಳಿಯುತ್ತಿತ್ತು. ಬೆಳಗ್ಗೆ ಕರೆಂಟು ಹೋಗಿ ಇಪ್ಪತ್ತು ನಿಮಿಷ ಬಂದಿರಲಿಲ್ಲ. ಗಡಿಯಾರವೂ ಅಷ್ಟು ಹೊತ್ತು ನಿದ್ದೆ ಮಾಡಿ ಎದ್ದಿತ್ತು. ರೇಡಿಯೊ ಪಿಪ್ ಪಿಪ್ ಎಂದಿತು. ನಾನು ಎಡಗೈ ಮುಂದಕ್ಕೆ ಹಿಡಿದೆ. ಮ್ಯಾನೇಜರು ಬಗ್ಗಿದರು. ಕೊನೆಯ ಪಿಪ್ಪಿಗೂ ನನ್ನ ಮುಳ್ಳಿಗೂ ಮೂರೋ ನಾಲ್ಕೋ ಸೆಕೆಂಡಿನ ಅಂತರ.

"ಸಾರ್, ಕರೆಂಟ್ ಹೋಗಿತ್ತಲ್ಲ, ಅದು ನಮ್ ತಪ್ಪಲ್ಲ" ಎಂದ ಏಜೆಂಟು.

ಬಾಗಿಲಿನಿಂದ ಮುನಿಯಪ್ಪ, "ಸೂರ್ಯ ಓಗಿ ಎಂಟ್ ದಿನ ಆಯ್ತು ಸಾಮಿ. ನಮ್ ವಾಚ್ ನಿಂತ್ಕಂತಾ?" ಎಂದ.

ಮ್ಯಾನೇಜರು ಇನ್ನೂ ಬಗ್ಗಿಯೇ ಇದ್ದರು. ವಾಚು ನೋಡಿ ಮುಗಿದಿತ್ತು. ಅವರ ಬೆರಳು ಹಳದಿ ಅಂಚಿನ ಮೇಲೆ ಒಂದು ಸುತ್ತು ಓಡಾಡಿತು. "ಇದನ್ನ ಯಾರ್ರೀ ಮಾಡಿದ್ದು?" ಎಂದರು.

ತಿಂಗಳಿಡೀ ನನ್ನ ನಾಲಗೆಯ ಮೇಲೆ ಒಂದು ಭಾಷಣ ತಯಾರಾಗಿತ್ತು. ನಮ್ಮ ಅಜ್ಜ, ಗಳಿಗೆ ಬಟ್ಟಲು, ಸೂರ್ಯನ ಏಳು ಕುದುರೆ, ಎಲ್ಲ ಇದ್ದ ಭಾಷಣ. ಅದರಲ್ಲಿ ಒಂದಕ್ಷರ ನೆನಪಾಗಲಿಲ್ಲ. "ನನ್ನ ಹೆಂಡ್ತಿ ಸಾರ್" ಎಂದೆ. ಎದೆ ಎಷ್ಟು ಉಬ್ಬಿತ್ತೆಂದರೆ ಸ್ವೆಟರಿನ ಒಂದೆರಡು ಹೊಲಿಗೆ ಸಡಿಲಾಗಿರಬೇಕು. ಅಷ್ಟರಲ್ಲಿ ಮುನಿಯಪ್ಪ ಗೋಪುರಕ್ಕೆ ಓಡಿ, ನಾನು ಕೈ ಎತ್ತುವ ಮೊದಲೇ ಸೈರನ್ ಕೂಗಿಸಿಬಿಟ್ಟ. ಊಟದ ಹೊತ್ತಿಗೆ ಅದು ಮತ್ತೆ ಕೂಗಿತು; ಆ ದಿನ ಮತ್ತೀಕೆರೆಯವರು ಅನ್ನ ಎರಡು ಸಲ ಬಸಿದರೋ ಏನೋ.

ಮನೆಗೆ ಹೋಗಿ ಬಾಗಿಲಲ್ಲಿಯೇ ಗೆಲುವಿನ ವರದಿ ಶುರುಮಾಡಿದೆ. ಪಿಪ್ಪು, ಮೂರು ಸೆಕೆಂಡು, ಏಜೆಂಟಿನ ಮುಖ. ಇಂದುಮತಿ ಕೈಯೆತ್ತಿ ತಡೆದಳು.

"ವಾಚಿಂದ ಇರ್ಲಿ. ಸ್ವೆಟರ್ ನೋಡಿ ಏನಂದ್ರು, ಅದನ್ನ ಮೊದಲ ಹೇಳ್ರಿ."

ಹೇಳಿದೆ. ಆಮೇಲೆ ಇನ್ನೊಂದು ಸಲ ಹೇಳಿಸಿಕೊಂಡಳು, ಬೆರಳು ಓಡಾಡಿಸಿದ ಭಾಗವನ್ನು.

ಆ ವಾಚನ್ನು ನಾನು ಎಂಟು ವರ್ಷ, ಸ್ವೆಟರಿನ ಆ ಒಂದು ವಾರ ಬಿಟ್ಟರೆ, ಒಂದು ಹೊತ್ತೂ ಉಪವಾಸ ಕೆಡವದೆ ಸಾಕಿದೆ. ಕಳೆದ ವರ್ಷ ಅದಕ್ಕೆ ಎಷ್ಟು ಬೆಳಕು ಕುಡಿಸಿದರೂ ದಕ್ಕದಾಯಿತು. ಖಾದರ್ ಸಾಹೇಬರು ಭೂತಗನ್ನಡಿ ತೆಗೆದು, "ಉಮರ್ ಆಯ್ತು ಸಾಬ್, ಇದ್ಕೆ ವಯಸ್ಸಾಯ್ತು" ಎಂದು ಮೃದುವಾಗಿ ಹೇಳಿದರು. ಎಡತೋಳು ಮಡಚುವ ಅಭ್ಯಾಸ ಮಾತ್ರ ಹೋಗಿಲ್ಲ. ಹಾಗಾಗಿ ಡಾಕ್ಟರ ಮುಲಾಮು ಇನ್ನೂ ಕಪಾಟಿನಲ್ಲಿ ಇದೆ, ಕೈ ಇನ್ನೂ ಕಪ್ಪಗಿದೆ.

ಪ್ರತಿ ಡಿಸೆಂಬರಿಗೆ ಹಸಿರು ಸ್ವೆಟರ್ ಟ್ರಂಕಿನಿಂದ ಹೊರಗೆ ಬರುತ್ತದೆ. "ಈಗ ವಾಚಿಲ್ಲಲ್ಲ, ಕೊಡ್ರಿ, ಆ ತೂತು ಮುಚ್ಚಿಬಿಡ್ತೀನಿ. ಥಂಡಿ ಗಾಳಿ ಹೊಕ್ಕತದ" ಎನ್ನುತ್ತಾಳೆ ಇಂದುಮತಿ. ಹೌದು, ಹೊಗುತ್ತದೆ. ಮೇಖ್ರಿ ಸರ್ಕಲ್ಲಿನ ಗಾಳಿ ನೇರವಾಗಿ ಮಣಿಕಟ್ಟಿಗೆ ಹೊಡೆಯುತ್ತದೆ. ಆದರೂ ಬಸ್ಸಿನಲ್ಲಿ ಯಾರಾದರೂ, "ಇದೇನ್ ಸಾರ್, ಇಲ್ಲಿ ಕಿಟಕಿ?" ಎಂದು ಕೇಳುತ್ತಾರಲ್ಲ, ಅದಕ್ಕಾಗಿ ನಾನು ಇನ್ನೂ ಸ್ವೆಟರ್ ಅವಳ ಕೈಗೆ ಕೊಟ್ಟಿಲ್ಲ.